ಎಸಿಯ ಗ್ಯಾಸ್ ಮುಗಿಯುವುದಿಲ್ಲ, ಸೋರುತ್ತದೆ: ಬೇಸಿಗೆಗೆ ಮುಂಚೆ ನಾನು ಪಟ್ಟ ಪಾಡು

ನಿನ್ನೆ ರಾತ್ರಿ ಮಲಗುವ ಕೋಣೆಯ ಎಸಿ 8 ಗಂಟೆ ಓಡಿತು. ಬೆಳಿಗ್ಗೆ ಎದ್ದವನೇ ಮೀಟರ್ ನೋಡಿದೆ. ಎಸಿಯ ಪಾಲು 5 ಯೂನಿಟ್‌ಗೆ ಸ್ವಲ್ಪ ಜಾಸ್ತಿ. ಎರಡೂವರೆ ತಿಂಗಳ ಹಿಂದೆ, ಬಿಸಿಲು ಇನ್ನೂ ಇಷ್ಟು ಏರಿರದಿದ್ದಾಗ, ಇದೇ ಎಸಿ ಅಷ್ಟೇ ಹೊತ್ತಿಗೆ 9 ಯೂನಿಟ್ ದಾಟುತ್ತಿತ್ತು. ಕೋಣೆ ಮಾತ್ರ ತಣ್ಣಗಾಗುತ್ತಿರಲಿಲ್ಲ. ನಡುವೆ ಏನೇನಾಯಿತು ಅನ್ನುವುದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಎಸಿಯನ್ನು ಬೇಸಿಗೆಗೆ ಸಿದ್ಧ ಮಾಡಲು ಹೊರಟವರು ನಾನು ಎಡವಿದ ಕಡೆಯೆಲ್ಲ ಎಡವಬೇಕಾಗಿಲ್ಲ.

ನಮ್ಮದು ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ, ಇನ್ವರ್ಟರ್ ಮಾದರಿ, ಅಂದರೆ ಸೆಕೆಗೆ ತಕ್ಕಂತೆ ತನ್ನ ವೇಗ ಏರಿಳಿಸಿಕೊಳ್ಳುವಂಥದ್ದು. ನಾಲ್ಕು ವರ್ಷ ಹಳೆಯದು. ತಿಂಗಳುಗಟ್ಟಲೆ ಅದನ್ನು ಮುಟ್ಟಿರಲಿಲ್ಲ. ಒಂದು ಸಂಜೆ ಸೆಕೆ ಅನ್ನಿಸಿ ಆನ್ ಮಾಡಿದೆ. ಮೊದಲು ಒಣಗದ ಒದ್ದೆ ಬಟ್ಟೆಯ ವಾಸನೆ ಬಂತು. ಆಮೇಲೆ ಗಾಳಿ ಬಂತು, ಫ್ಯಾನ್ ಗಾಳಿಗಿಂತ ಒಂದು ಕೈ ಮೇಲು, ಅಷ್ಟೇ. 18ಕ್ಕೆ ಇಳಿಸಿದೆ. ಒಂದು ಗಂಟೆ ಕಾದೆ. ಕೋಣೆ 28ರಲ್ಲೇ ನಿಂತಿತ್ತು. ಹೊರಗಿನ ಯೂನಿಟ್ ಒಂದೇ ಸಮನೆ ಗುಯ್‌ಗುಡುತ್ತಿತ್ತು.

ಆ ರಾತ್ರಿ ಮೀಟರ್ ರೀಡಿಂಗ್ ಬರೆದುಕೊಂಡೆ. ಮರುದಿನ ರಾತ್ರಿ ಎಸಿ ಹಾಕದೆ ಇನ್ನೊಮ್ಮೆ ಬರೆದೆ. ಎಸಿ ಹಾಕಿದ ರಾತ್ರಿಯ ಬಳಕೆಯಿಂದ ಹಾಕದ ರಾತ್ರಿಯದ್ದನ್ನು ಕಳೆದರೆ ಫ್ರಿಜ್, ಫ್ಯಾನ್ ಎಲ್ಲ ಹೋಗಿ ಎಸಿಯ ಲೆಕ್ಕ ಮಾತ್ರ ಸಿಗುತ್ತದೆ. ನೀವು ಬೇರೇನು ಮಾಡದಿದ್ದರೂ ಶುರುವಿನಲ್ಲೇ ಇದೊಂದನ್ನು ಮಾಡಿಕೊಳ್ಳಿ. ರಿಪೇರಿಯಿಂದ ನಿಜವಾಗಿ ಏನಾದರೂ ಆಯಿತೋ ಅಥವಾ ದುಡ್ಡು ಕೊಟ್ಟಿದ್ದಕ್ಕೆ ತಣ್ಣಗೆ ಅನ್ನಿಸುತ್ತಿದೆಯೋ ಅಂತ ಆಮೇಲೆ ಅನುಮಾನ ಪಡಬೇಕಾಗಿಲ್ಲ.

ಮೊದಲ ಭಾನುವಾರ ಫಿಲ್ಟರಿಗೆ ಕೈ ಹಾಕಿದೆ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಎಂಸಿಬಿಯನ್ನೇ, ಅಂದರೆ ಎಸಿಗೆ ಕರೆಂಟ್ ಕೊಡುವ ಬೋರ್ಡಿನ ಸ್ವಿಚ್ಚನ್ನೇ, ಇಳಿಸಬೇಕು. ಮುಂದಿನ ಮುಚ್ಚಳ ಎತ್ತಿದರೆ ಎರಡು ಬಲೆಗಳು ಸಿಗುತ್ತವೆ. ನಮ್ಮ ಬಲೆಗಳು ಬಲೆಯಂತೆ ಇರಲಿಲ್ಲ, ಬೂದು ಬಣ್ಣದ ಕಂಬಳಿಯಂತೆ ಇದ್ದವು. ಉಗುರುಬೆಚ್ಚಗಿನ ನೀರು, ಒಂದಿಷ್ಟು ಸೋಪು, ಹಳೆಯ ಮೆತ್ತನೆ ಬ್ರಷ್. ನೀರನ್ನು ಧೂಳು ಕೂತ ಮುಖಕ್ಕೆ ಬಿಡಬೇಡಿ, ಹಿಂದಿನಿಂದ ಬಿಡಿ. ಇಲ್ಲದಿದ್ದರೆ ಧೂಳು ಬಲೆಯ ಕಣ್ಣಿನೊಳಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಕಟ್ಟಿಕೊಂಡ ಫಿಲ್ಟರನ್ನು ಸರಿಮಾಡಿದರೆ ವಿದ್ಯುತ್ ಬಳಕೆ ಶೇ 5ರಿಂದ 15ರವರೆಗೆ ಇಳಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಇದು ಕಡಿಮೆ ಏನಲ್ಲ.

ಇಲ್ಲಿ ನಾನು ಮಾಡಿದ ತಪ್ಪು: ಪೂರ್ತಿ ಒಣಗುವ ಮುಂಚೆ ಫಿಲ್ಟರನ್ನು ವಾಪಸ್ ಸಿಕ್ಕಿಸಿದೆ. ಎರಡೇ ದಿನಕ್ಕೆ ಆ ಒದ್ದೆ ಬಟ್ಟೆಯ ವಾಸನೆ ಮೊದಲಿಗಿಂತ ಜೋರಾಗಿ ಬಂತು. ನೆರಳಲ್ಲಿ ಪೂರ್ತಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಚೌಕಟ್ಟಿನ ಪ್ಲಾಸ್ಟಿಕ್ ಸೊಟ್ಟಗಾಗಬಹುದು. ಎರಡನೆಯ ತಪ್ಪು, ಫಿಲ್ಟರ್ ಹಿಂದಿರುವ ಕಾಯಿಲ್ (ಗ್ಯಾಸ್ ಸುತ್ತುವ, ರೆಕ್ಕೆಗಳಿರುವ ಪೈಪಿನ ಸುರುಳಿ) ಮೇಲೆ ಬ್ರಷ್ಷನ್ನು ಅಡ್ಡಡ್ಡ ಎಳೆದದ್ದು. ಅಲ್ಯೂಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳು. ಒಂದಷ್ಟು ಮಡಚಿಕೊಂಡವು, ನನ್ನ ಎರಡು ಬೆರಳೂ ಕೊಯ್ದವು. ಬ್ರಷ್ ಮೇಲಿಂದ ಕೆಳಕ್ಕೆ, ರೆಕ್ಕೆಗಳ ಜಾಡಿನಲ್ಲೇ ಹೋಗಬೇಕು. ಕೈಗವಸು ಹಾಕಿಕೊಳ್ಳಿ.

ಎಸಿ ಸರಿ ಇದೆಯೋ ಇಲ್ಲವೋ ಅಂತ ನೋಡಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕಡ್ಡಿಯಂಥ ಮೂತಿ ಇರುವ ಡಿಜಿಟಲ್ ಥರ್ಮಾಮೀಟರ್ ಒಂದಿದ್ದರೆ ಸಾಕು. ಎಸಿಯನ್ನು ಕೂಲ್ ಮೋಡ್‌ಗೆ, ಅತಿ ಕಡಿಮೆ ಉಷ್ಣತೆಗೆ, ಜೋರು ಫ್ಯಾನ್‌ಗೆ ಹಾಕಿ 15 ನಿಮಿಷ ಬಿಡಿ. ಆಮೇಲೆ ಒಳಗಿನ ಯೂನಿಟ್‌ನ ಮೇಲ್ಭಾಗದಲ್ಲಿ, ಗಾಳಿ ಒಳಕ್ಕೆ ಹೋಗುವ ಕಡೆ ಅಳೆಯಿರಿ. ಕೆಳಗೆ ಗಾಳಿ ಹೊರಬರುವ ಬಾಯಲ್ಲಿ ಅಳೆಯಿರಿ. ನಡುವಿನ ವ್ಯತ್ಯಾಸ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಇರಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸ್ವಲ್ಪ ಕಡಿಮೆ ಬರುತ್ತದೆ, ಯಾಕೆಂದರೆ ಎಸಿಯ ಶಕ್ತಿಯ ಒಂದು ಪಾಲು ನೀರು ಇಳಿಸುವುದಕ್ಕೇ ಹೋಗುತ್ತದೆ. ನಮ್ಮದು ತೊಳೆಯುವ ಮುಂಚೆ 5 ಇತ್ತು. ತೊಳೆದ ಮೇಲೆ 7 ಆಯಿತು. ಖುಷಿಯೇನೋ ಆಯಿತು, ಆದರೆ ಒಣಹವೆಯ ದಿನ, ಸ್ವಚ್ಛ ಫಿಲ್ಟರ್ ಇದ್ದೂ 7 ಯಾಕೆ?

ಆ ಪ್ರಶ್ನೆ ಹಾಗೇ ಇರುವಾಗ ಗೋಡೆ ಮೇಲೆ ನೀರು ಇಳಿಯತೊಡಗಿತು. ಕಾಯಿಲ್ ಮೇಲೆ ಹನಿಗಟ್ಟಿದ ನೀರು ಕೆಳಗಿನ ತಟ್ಟೆಗೆ ಬಿದ್ದು, ಅಲ್ಲಿಂದ ಡ್ರೈನ್ ಪೈಪ್‌ನಲ್ಲಿ ಹೊರಗೆ ಹೋಗಬೇಕು. ತಿಂಗಳುಗಟ್ಟಲೆ ನಿಂತಿದ್ದ ಪೈಪ್‌ನಲ್ಲಿ ಲೋಳೆ ಕಟ್ಟಿತ್ತು. ಹೊರಗಿನ ತುದಿಗೆ ನೀರೆಳೆಯುವ ವ್ಯಾಕ್ಯೂಮ್ ಕ್ಲೀನರ್ ಹಿಡಿದು, ಸುತ್ತ ಬಟ್ಟೆ ಸುತ್ತಿ ಎಳೆದೆ. ಬಂದದ್ದನ್ನು ವರ್ಣಿಸುವುದು ಬೇಡ. ಇಷ್ಟಾದರೂ ನೀರು ಸರಾಗವಾಗಿ ಇಳಿಯಲಿಲ್ಲ. ಕೊನೆಗೆ ನೋಡಿದರೆ ಪೈಪ್‌ನ ತುದಿ ಬಕೆಟ್ಟಿನ ನೀರಿನೊಳಗೆ ಮುಳುಗಿತ್ತು. ತುದಿ ಮುಳುಗಿದರೆ ಪೈಪ್‌ನೊಳಗಿನ ಗಾಳಿಗೆ ದಾರಿ ಇಲ್ಲ, ನೀರು ತಡೆದು ನಿಲ್ಲುತ್ತದೆ. ಗಿಡಕ್ಕೆ ಹಾಕಲೆಂದು ಆ ಬಕೆಟ್ ಇಟ್ಟವನು ನಾನೇ.

ಮುಂದಿನ ಸರದಿ ಹೊರಗಿನ ಯೂನಿಟ್‌ನದ್ದು. ಅಲ್ಲಿ ಯಾರೂ ಎಣಿಸದ ಅಡ್ಡಿ ಕಾದಿತ್ತು. ಯೂನಿಟ್‌ಗೂ ಗೋಡೆಗೂ ನಡುವೆ ಕಡ್ಡಿ ಒಟ್ಟಿ ಒಂದು ಬೆಳವ ಗೂಡು ಕಟ್ಟಿತ್ತು. ಎರಡು ಬಿಳಿ ಮೊಟ್ಟೆ. ಹೊರಗಿನ ಯೂನಿಟ್ ಹಿಂದಿನಿಂದ ಮತ್ತು ಪಕ್ಕದಿಂದ ಗಾಳಿ ಎಳೆದುಕೊಂಡು ಮುಂದಕ್ಕೆ ಊದುತ್ತದೆ. ಗೂಡು ಇದ್ದದ್ದು ಸರಿಯಾಗಿ ಎಳೆದುಕೊಳ್ಳುವ ಜಾಗದಲ್ಲೇ. ತೆಗೆಯಲು ಮನಸ್ಸು ಬರಲಿಲ್ಲ. ಎಂಸಿಬಿ ಇಳಿಸಿ ಸುಮ್ನೆ ಕಾದೆವು. ಮೊಟ್ಟೆ ಒಡೆಯಲು ಎರಡು ವಾರ, ಮರಿಗಳು ಹಾರಲು ಮತ್ತೆರಡು ವಾರ. ಸೆಕೆ ಏರುತ್ತಲೇ ಇತ್ತು. ಮನೆಯಲ್ಲಿ ಎಲ್ಲರೂ ಬೆಳವದ ಮೇಲೆ ಪ್ರೀತಿ ಇಟ್ಟು ನನ್ನ ಮೇಲೆ ಸಿಟ್ಟಾಗಿದ್ದರು. ನಾನು ಮುಂಚಿತವಾಗಿ ಶುರು ಮಾಡಿದ್ದರಿಂದ ಮಾತ್ರ ಈ ಕಾಯುವಿಕೆ ಸಾಧ್ಯವಾಯಿತು.

ಆ ನಾಲ್ಕು ವಾರ ಪೂರ್ತಿ ವ್ಯರ್ಥವಾಗಲಿಲ್ಲ. ಕೋಣೆಯ ಕಡೆ ನೋಡಿದೆ. ಪೈಪ್‌ಗಳು ಗೋಡೆ ದಾಟುವ ತೂತಿನ ಸುತ್ತ ಎರಡು ಬೆರಳು ಹೋಗುವಷ್ಟು ಸಂದು ಇತ್ತು. ಹಾಕಿದ ದಿನದಿಂದಲೂ ಬಿಸಿ ಗಾಳಿ ಅಲ್ಲಿಂದ ಒಳಗೆ ಬರುತ್ತಿತ್ತು ಅಂತ ಕಾಣುತ್ತದೆ. ಮುಚ್ಚಿದೆ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಪಶ್ಚಿಮದ ಕಿಟಕಿಗೆ ಒಳಗೆ ಪರದೆ ಇತ್ತು. ಹೊರಗಿನಿಂದಲೂ ಒಂದು ಬಿದಿರಿನ ತೆರೆ ಇಳಿಬಿಟ್ಟೆ. ಬಿಸಿಲನ್ನು ಗಾಜಿನ ಹೊರಗೇ ತಡೆಯುವುದು ಮೇಲು. ಗಾಜು ದಾಟಿ ಬಂದ ಮೇಲೆ ಪರದೆ ತಡೆದರೂ ಶಾಖ ಕೋಣೆಯಲ್ಲೇ ಉಳಿಯುತ್ತದೆ. ಇದಕ್ಕೆಲ್ಲ ಆದ ಖರ್ಚು ಮುಂದೆ ಬಂದ ರಿಪೇರಿ ಬಿಲ್ಲಿನ ಹತ್ತನೇ ಒಂದು ಭಾಗವೂ ಇಲ್ಲ.

ಕಾಗದಪತ್ರ ಹುಡುಕಿದ್ದೂ ಆಗಲೇ. ಎಸಿ ಕೊಂಡ ಬಿಲ್ಲು ಸಿಕ್ಕಿತು, ಆದರೆ ಬೋಳು ಕಾಗದ. ಅದು ಬಿಸಿಗೆ ಅಕ್ಷರ ಮೂಡುವ ಥರ್ಮಲ್ ಕಾಗದ, ನಾಲ್ಕು ವರ್ಷದಲ್ಲಿ ಎಲ್ಲ ಅಳಿಸಿಹೋಗಿತ್ತು. ಕೊಂಡ ದಿನವೇ ಬಿಲ್ಲಿನ ಫೋಟೊ ತೆಗೆದಿಡಿ. ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ ಒಳಗಿನ ಮತ್ತು ಹೊರಗಿನ ಯೂನಿಟ್‌ಗಳ ಸ್ಟಿಕ್ಕರ್ ಮೇಲೆ ಬೇರೆ ಬೇರೆ ಇರುತ್ತವೆ, ಎರಡರದ್ದೂ ಫೋಟೊ ಬೇಕು. ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದ ಮೇಲೆ ಗೊತ್ತಾದದ್ದು ಇಷ್ಟು: ಕಂಪ್ರೆಸರ್‌ಗೆ ವಾರಂಟಿ ಇನ್ನೂ ಇದೆ, ಉಳಿದದ್ದಕ್ಕೆ ಮುಗಿದಿದೆ, ಗ್ಯಾಸ್‌ಗೂ ಪೈಪ್ ಜೋಡಣೆಗೂ ಅನ್ವಯಿಸುವುದಿಲ್ಲ. ಅಂದರೆ ಕೆಡುವ ಸಾಧ್ಯತೆ ಜಾಸ್ತಿ ಇರುವುದೆಲ್ಲ ನಮ್ಮ ತಲೆ ಮೇಲೆ.

ಮರಿಗಳು ಹಾರಿದವು. ಗೂಡು ತೆಗೆದು ಹೊರಗಿನ ಕಾಯಿಲ್ ತೊಳೆದೆ. ಇಲ್ಲಿ ಪೈಪ್ ನೀರು ಸಾಕು. ವಾಹನ ತೊಳೆಯುವ ಪ್ರೆಷರ್ ಜೆಟ್ ಬಳಸಿದರೆ ರೆಕ್ಕೆಗಳು ಮಲಗಿಬಿಡುತ್ತವೆ. ವಿದ್ಯುತ್ ಭಾಗ ಇರುವ ಬದಿಗೆ ನೀರು ಬಿಡಬೇಡಿ. ಒಣಗಿದ ಮೇಲೆ ಆನ್ ಮಾಡಿ ಅಳೆದೆ. ವ್ಯತ್ಯಾಸ 8ಕ್ಕೆ ಬಂತು. ಹೊರಗೆ ಹೋಗಿ ನೋಡಿದಾಗ ಎರಡು ಪೈಪ್‌ಗಳಲ್ಲಿ ತೆಳುವಾದದ್ದರ ಬುಡದಲ್ಲಿ, ವಾಲ್ವ್ ಹತ್ತಿರ, ಬಿಳಿ ಮಂಜು ಕಟ್ಟಿತ್ತು. ತಣ್ಣಗಿದೆ, ಒಳ್ಳೆಯದೇ ಇರಬೇಕು ಅಂದುಕೊಂಡೆ. ಅದು ಗ್ಯಾಸ್ ಕಡಿಮೆಯಾಗಿದೆ ಅನ್ನುವುದಕ್ಕೆ ಕಣ್ಣಿಗೆ ಕಾಣುವ ಗುರುತು ಅಂತ ಗೊತ್ತಾದದ್ದು ಆಮೇಲೆ.

ಆ ಹೊತ್ತಿಗೆ ಎಲ್ಲರಿಗೂ ಎಸಿ ನೆನಪಾಗಿತ್ತು. ಟೆಕ್ನಿಷಿಯನ್ ಸಿಗಲು ಐದು ದಿನ ಹಿಡಿಯಿತು. ಬಂದವರು ಗೇಜ್ ಸಿಕ್ಕಿಸಿ ಒಂದು ಕ್ಷಣ ನೋಡಿ, ‘ನಾಲ್ಕು ವರ್ಷ ಆಯ್ತಲ್ಲ, ಗ್ಯಾಸ್ ಮುಗಿದಿದೆ, ತುಂಬಿಸಿದರೆ ಆಯ್ತು’ ಅಂದರು. 20 ನಿಮಿಷದಲ್ಲಿ ಕೆಲಸ ಮುಗಿಯಿತು. ಹೋಗುವಾಗ ‘ಈ ಕೋಣೆಗೆ 2 ಟನ್ ಬೇಕಿತ್ತು’ ಅಂತ ಒಂದು ಮಾತನ್ನೂ ಎಸೆದು ಹೋದರು. ಟನ್ ಅಂದರೆ ಎಸಿಯ ತೂಕ ಅಂತ ಬಹಳ ಜನ ತಿಳಿದಿದ್ದಾರೆ. ಅಮೆರಿಕದ ಲೆಕ್ಕದ ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರಗೆ ಹಾಕುವ ಶಕ್ತಿ ಅದು, ಸುಮಾರು 3.5 ಕಿಲೋವ್ಯಾಟ್. ಹಿಂದಿನ ಮೂರು ಬೇಸಿಗೆಗೆ ಸಾಕಾಗಿದ್ದ ಒಂದೂವರೆ ಟನ್ ಈಗ ಸಾಲದು ಅಂದರೆ ಕೋಣೆ ಬೆಳೆದಿರಬೇಕು, ಅಲ್ವಾ?

ಆದರೂ ವ್ಯತ್ಯಾಸ 12ಕ್ಕೆ ಏರಿತು. ಅವತ್ತು ರಾತ್ರಿ ಹೊದಿಕೆ ಹೊದ್ದು ಮಲಗಿದೆವು. ದುಡ್ಡು ಹೋದರೆ ಹೋಯಿತು, ಕೆಲಸ ಆಯಿತು ಅನ್ನಿಸಿತು.

11 ದಿನ. ಅಷ್ಟೇ. ಮತ್ತೆ 8, ಮತ್ತೆ ತೆಳು ಪೈಪ್ ಮೇಲೆ ಮಂಜು. ಫೋನ್ ಮಾಡಿದರೆ ‘ಗ್ಯಾಸ್‌ಗೆ ಗ್ಯಾರಂಟಿ ಇರಲ್ಲ ಸರ್’ ಅಂದರು. ನನ್ನ ಕೈಯಲ್ಲಿ ಇದ್ದ ಚೀಟಿಯಲ್ಲಿ ‘ಗ್ಯಾಸ್ ಫಿಲ್ಲಿಂಗ್’ ಅಂತ ಎರಡು ಪದ, ಒಂದು ಮೊತ್ತ. ಯಾವ ಗ್ಯಾಸ್, ಎಷ್ಟು ಗ್ರಾಂ, ಏನೂ ಇಲ್ಲ. ವಾದ ಮಾಡಲು ಹಿಡಿಯೇ ಇರಲಿಲ್ಲ.

ಸಿಟ್ಟಿನಲ್ಲಿ ಕೂತು ಯೋಚಿಸುವಾಗ ಫ್ರಿಜ್ ಕಡೆ ಕಣ್ಣು ಹೋಯಿತು. ಅದೂ ಇದೇ ತತ್ವದ ಯಂತ್ರ. ಅಲ್ಲೂ ಕಂಪ್ರೆಸರ್, ಅಲ್ಲೂ ಗ್ಯಾಸ್. ಹತ್ತಿರ ಹತ್ತಿರ ಹನ್ನೆರಡು ವರ್ಷದಿಂದ ಹಗಲೂ ರಾತ್ರಿ ಓಡುತ್ತಿದೆ, ಒಂದು ಸಲವೂ ಯಾರೂ ಗ್ಯಾಸ್ ತುಂಬಿಲ್ಲ. ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಪೈಪ್‌ನೊಳಗೆ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಿದೆ. ತೂತು ಮುಚ್ಚದೆ ತುಂಬಿಸುವುದು ಒಡೆದ ಕೊಡಕ್ಕೆ ನೀರು ಹೊಯ್ದ ಹಾಗೆ. ನಾನು ಆ ಕೊಡಕ್ಕೆ ಆಗಲೇ ಒಂದು ಸಲ ದುಡ್ಡು ಕೊಟ್ಟಿದ್ದೆ.

ಎರಡನೇ ಸಲ ಕರೆಯುವಾಗ ಫೋನ್‌ನಲ್ಲೇ ಕೇಳಿದೆ: ಲೀಕ್ ಹುಡುಕಲು ನೈಟ್ರೋಜನ್ ತರುತ್ತೀರಾ? ವ್ಯಾಕ್ಯೂಮ್ ಪಂಪ್ ಇದೆಯಾ? ಗ್ಯಾಸ್ ತೂಕ ಹಾಕುವ ತಕ್ಕಡಿ? ಇಬ್ಬರು ಅದೆಲ್ಲ ಬೇಕಾಗಲ್ಲ ಅಂದರು. ಮೂರನೆಯವರು ‘ಎಲ್ಲ ಇದೆ, ಆದರೆ ಅರ್ಧ ದಿನ ಹಿಡಿಯುತ್ತದೆ, ನಡುವೆ ಆತುರ ಮಾಡಬಾರದು’ ಅಂದರು. ಅವರಿಗೆ ಇನ್ನೂ ಆರು ದಿನ ಕಾದೆ.

ಅವರು ಮೊದಲು ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಒಂದು ಸಿಲಿಂಡರ್‌ಗೆ ಎಳೆದು ತೂಕ ಮಾಡಿದರು. ಹೊರಗಿನ ಯೂನಿಟ್‌ನ ಸ್ಟಿಕ್ಕರ್ ಮೇಲೆ ‘ಆರ್-32, 900 ಗ್ರಾಂ’ ಅಂತ ಇತ್ತು. ಸಿಕ್ಕಿದ್ದು 560. ಹೀಗೆ ಹಿಡಿದಿಡುವುದಕ್ಕೂ ಕಾರಣ ಇದೆ. ಆರ್-32 ಗ್ಯಾಸ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿನ 675 ಪಟ್ಟು. ಹಳೆಯ ಆರ್-410ಎ ಇನ್ನೂ ಜೋರು, 2088 ಪಟ್ಟು. ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣದ್ದೂ ಹೌದು. ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ.

ಆಮೇಲೆ ಪೈಪ್‌ಗೆ ನೈಟ್ರೋಜನ್ ತುಂಬಿ ಒತ್ತಡ ಏರಿಸಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚುತ್ತಾ ಹೋದರು. ಇದಕ್ಕೆ ಯಾರಾದರೂ ಆಮ್ಲಜನಕದ ಸಿಲಿಂಡರ್ ತಂದರೆ ತಕ್ಷಣ ನಿಲ್ಲಿಸಿ. ಒತ್ತಡದಲ್ಲಿರುವ ಆಮ್ಲಜನಕ ಕಂಪ್ರೆಸರ್ ಎಣ್ಣೆಗೆ ತಾಗಿದರೆ ಸ್ಫೋಟವಾಗಬಹುದು. ಹೊರಗಿನ ಜೋಡಣೆಗಳು ಸರಿ ಇದ್ದವು. ಒಳಗಿನ ಯೂನಿಟ್‌ನ ಹಿಂದೆ, ಟೇಪ್ ಸುತ್ತಿ ಮುಚ್ಚಿಟ್ಟಿದ್ದ ಕಡೆ, ಅಂಚು ಅರಳಿಸಿದ ತಾಮ್ರದ ಪೈಪನ್ನು ಬಿಗಿದು ಹಿಡಿಯುವ ಫ್ಲೇರ್ ನಟ್ ಒಂದರ ಸುತ್ತ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದೊಂದಾಗಿ ಎದ್ದವು. ನಾಲ್ಕು ವರ್ಷದ ಹಿಂದೆ ಎಸಿ ಕೂರಿಸಿದವರು ಅತಿಯಾಗಿ ಬಿಗಿದು ತಾಮ್ರದ ಅಂಚು ಸೀಳಿತ್ತಂತೆ. ಸೀಳು ನಿಧಾನ ಹಿಗ್ಗುತ್ತಾ ಬಂದಿದೆ. ಆ ಗುಳ್ಳೆಗಳನ್ನು ನೋಡಿ ನನಗೆ ಆದಷ್ಟು ಸಂತೋಷ ಹೊಸ ಎಸಿ ಬಂದ ದಿನವೂ ಆಗಿರಲಿಲ್ಲ.

ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿದರು. ಮತ್ತೆ ನೈಟ್ರೋಜನ್, ಒಂದು ಗಂಟೆ ಒತ್ತಡ ಇಳಿಯದೆ ನಿಲ್ಲುವುದನ್ನು ಕಾಯುವುದು. ಆಮೇಲೆ ಪೈಪಿನ ಗಾಳಿಯೆಲ್ಲ ಎಳೆಯುವ ವ್ಯಾಕ್ಯೂಮ್ ಪಂಪ್, ಒಳಗೆ ಉಳಿದ ಒತ್ತಡ ತೋರಿಸುವ ಮೈಕ್ರಾನ್ ಗೇಜ್ 500ರ ಕೆಳಗೆ ಇಳಿಯುವವರೆಗೆ. ನನಗೆ ಬೇಸರ ಬಂದಿತ್ತು, ಅವರಿಗೆ ಬಂದಿರಲಿಲ್ಲ. ಒಳಗೆ ತೇವ ಉಳಿದರೆ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರ್ ತಿನ್ನುತ್ತದೆ. ಒತ್ತಡ ಅಷ್ಟು ಇಳಿಸಿದಾಗ ನೀರು ಮಾಮೂಲಿ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಗೆ ಬರುತ್ತದೆ. ಕೊನೆಗೆ ತಕ್ಕಡಿ ಇಟ್ಟು 900 ಗ್ರಾಂ ತೂಗಿ ತುಂಬಿದರು. ಪೈಪ್ ಉದ್ದ ಜಾಸ್ತಿ ಇದ್ದರೆ ಮೀಟರಿಗೆ ಇಷ್ಟು ಗ್ರಾಂ ಅಂತ ಕೈಪಿಡಿಯಲ್ಲಿ ಇರುತ್ತದೆ, ನಮ್ಮದಕ್ಕೆ ಬೇಕಾಗಲಿಲ್ಲ. ಬಿಸಿಲಿಗೆ ಪುಡಿಯಾಗಿದ್ದ ಪೈಪ್ ಕವಚವನ್ನೂ ಬದಲಿಸಿದರು. ದಪ್ಪ ಪೈಪ್, ತೆಳು ಪೈಪ್ ಎರಡಕ್ಕೂ ಬೇರೆ ಬೇರೆ ಕವಚ ಬೇಕು. ಇಂಥ ಎಸಿಯಲ್ಲಿ ಗ್ಯಾಸ್ ತಣ್ಣಗಾಗುವುದು ಹೊರಗಿನ ಯೂನಿಟ್‌ನಲ್ಲೇ ಆದ್ದರಿಂದ ಎರಡೂ ತಣ್ಣಗಿರುತ್ತವೆ.

ಖರ್ಚಿನ ಬಗ್ಗೆ ಹೇಳುವುದಾದರೆ, ಮೊದಲನೆಯವರು ತೆಗೆದುಕೊಂಡದ್ದಕ್ಕಿಂತ ಇವರ ಬಿಲ್ಲು ಸುಮಾರು ಒಂದೂವರೆ ಪಟ್ಟು. ಮೊದಲೇ ಇವರನ್ನು ಕರೆದಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ಬಿಲ್ಲಿನಲ್ಲಿ ಗ್ಯಾಸಿನ ಹೆಸರು, ಗ್ರಾಂ, ಲೀಕ್ ಇದ್ದ ಜಾಗ, ದಿನಾಂಕ ಎಲ್ಲ ಬರೆಸಿಕೊಂಡೆ.

15 ನಿಮಿಷ ಬಿಟ್ಟು ಅಳೆದಾಗ ಒಳಹೋಗುವ ಗಾಳಿ 29, ಹೊರಬರುವ ಗಾಳಿ 16. ಮೂರು ವಾರ ಆಯಿತು. ಪ್ರತಿ ಭಾನುವಾರ ಅಳೆಯುತ್ತಿದ್ದೇನೆ, 12ಕ್ಕಿಂತ ಕೆಳಗೆ ಬಂದಿಲ್ಲ. ಮೊದಲು 18ಕ್ಕೆ ಇಟ್ಟು ಸಾಲದೆ ಹೊರಳಾಡುತ್ತಿದ್ದ ನಾವು ಈಗ 26ಕ್ಕೆ ಇಟ್ಟು ಫ್ಯಾನನ್ನು ಸಣ್ಣಗೆ ತಿರುಗಿಸಿ ಮಲಗುತ್ತೇವೆ. ಫ್ಯಾನ್ ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ, ಮೈಮೇಲಿನ ಬೆವರು ಆರಿಸುತ್ತದೆ. ಅಷ್ಟರಿಂದಲೇ ಎಸಿಯನ್ನು ಒಂದೆರಡು ಡಿಗ್ರಿ ಮೇಲಿಡಬಹುದು. ಮಲಗುವಾಗ ಆಫ್, ಸೆಕೆಯಾದಾಗ ಆನ್ ಅನ್ನುವ ಅಭ್ಯಾಸವನ್ನೂ ಬಿಟ್ಟೆವು. ಆಫ್ ಮಾಡಿ ತಕ್ಷಣ ಆನ್ ಮಾಡಿದರೆ ಕಂಪ್ರೆಸರ್ ಸುಮಾರು ಮೂರು ನಿಮಿಷ ತಾನಾಗಿಯೇ ತಡೆದು ನಿಲ್ಲುತ್ತದೆ. ಅದು ಕೆಟ್ಟಿದ್ದಲ್ಲ, ರಕ್ಷಣೆ. ನಾನು ಒಮ್ಮೆ ಗಾಬರಿಯಾಗಿ ಫೋನ್ ಕೈಗೆತ್ತಿಕೊಂಡಿದ್ದೆ.

ಫಿಲ್ಟರನ್ನು ಈಗ ಎರಡು ವಾರಕ್ಕೊಮ್ಮೆ ತೊಳೆಯುತ್ತೇನೆ, ಪೂರ್ತಿ ಒಣಗಿಸುತ್ತೇನೆ. ಹೊರಗಿನ ಯೂನಿಟ್ ಶುರುವಾಗುವಾಗ ಒಂದು ಸಣ್ಣ ಗಡಗಡ ಮಾತ್ರ ಉಳಿದಿದೆ. ಸ್ಟ್ಯಾಂಡಿನ ರಬ್ಬರ್ ಬುಷ್ ಸವೆದಿರಬೇಕು ಅಂದರು. ಮುಂದಿನ ವಾರ ಬಿಚ್ಚಿ ನೋಡಬೇಕು, ಬೆಳವ ಮತ್ತೆ ಕಡ್ಡಿ ತರುವಷ್ಟರಲ್ಲಿ.